ಮನೆ ಸಾಲದ ಎರಡು ಕಂತು ಬಾಕಿ, ಮೂರನೆಯದ್ದು ಹತ್ತಿರ ಬಂತು. ಎಂತ ಮಾಡುವುದು?

ಪೆರ್ಲದವ:
ಎಲ್ಲರಿಗೂ ನಮಸ್ಕಾರ. 2021ರಲ್ಲಿ ನಾನೂ ತಮ್ಮನೂ ಸೇರಿ ಕಾಸರಗೋಡಿನ ಪೆರ್ಲದಲ್ಲಿ ಮನೆ ಕಟ್ಟಿದೆವು. ಮಂಗಳೂರಿನಲ್ಲಿ ಆಫೀಸು ಇರುವ ಒಂದು ಖಾಸಗಿ ಹೌಸಿಂಗ್ ಫೈನಾನ್ಸ್ ಕಂಪನಿಯಿಂದ 22 ಲಕ್ಷ ಸಾಲ, 20 ವರ್ಷಕ್ಕೆ. ಆಗ ಬಡ್ಡಿ ಶೇ. 8.5, ಕಂತು 19,092 ರೂಪಾಯಿ. ತಮ್ಮ ಶಾರ್ಜಾದಲ್ಲಿದ್ದ, ಅರ್ಧ ಅವನು ಹಾಕುತ್ತಿದ್ದ. ಉಳಿದರ್ಧ ನನ್ನ ಸಂಬಳ ಮತ್ತು ಅಪ್ಪನ ಅಡಿಕೆಯಿಂದ.

ಬಡ್ಡಿ ಏರಿ ಏರಿ ಈಗ ಶೇ. 10.75ರಲ್ಲಿ ನಿಂತಿದೆ. ಕಂತು 22,168. ಈ ವರ್ಷ ತಮ್ಮನ ಕಂಪನಿ ಮುಚ್ಚಿತು, ಅವನು ಊರಿಗೆ ಬಂದು ಕೂತಿದ್ದಾನೆ. ನನಗೆ ಮಂಗಳೂರಿನ ಶೋರೂಮಿನಲ್ಲಿ ಕೆಲಸ, ಸಂಬಳ 26 ಸಾವಿರ, ಇನ್ಸೆಂಟಿವ್ ನಿಂತಿದೆ. ತೋಟಕ್ಕೆ ಎಲೆಚುಕ್ಕಿ ರೋಗ. ಅಡಿಕೆಗೆ ರೇಟ್ ಉಂಟು, ನಮ್ಮಲ್ಲಿ ಅಡಿಕೆ ಇಲ್ಲ.

ಸೆಪ್ಟೆಂಬರ್ 5ರ ಕಂತು, ಅಕ್ಟೋಬರ್ 5ರ ಕಂತು ಎರಡೂ ತಪ್ಪಿವೆ. ಮೊನ್ನೆ ರಾತ್ರಿ ಎಂಟೂವರೆಗೆ ಅಪ್ಪನ ಫೋನಿಗೆ ಯಾರೋ ಕರೆ ಮಾಡಿ ಹಿಂದಿಯಲ್ಲಿ ಮಾತಾಡಿದರು. ಅಪ್ಪ ಜಾಮೀನು ಹಾಕಿದವರು. ಅವರಿಗೆ ಹಿಂದಿ ಬರುವುದಿಲ್ಲ. ಆಚೆಯವರು ಮಾತಾಡಿದಷ್ಟು ಹೊತ್ತೂ ಕುರ್ಚಿ ಬಿಟ್ಟು ಎದ್ದು ನಿಂತು ‘ಹಾಂ, ಹಾಂ’ ಅಂದರು. ನೀಲಾಮ್ (ಹರಾಜು) ಅಂದದ್ದು ಮಾತ್ರ ಅರ್ಥವಾಯಿತಂತೆ. ಅವತ್ತಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ.

ಹೆಂಡತಿಯ 9 ಪವನು ಬಂಗಾರ ಉಂಟು. ಅಡವಿಟ್ಟು ಕಟ್ಟಬೇಕಾ? ಪರಿಚಯದ ಒಬ್ಬರು ಒಂದು ಲಕ್ಷ ಕೊಡುತ್ತೇನೆ ಅನ್ನುತ್ತಿದ್ದಾರೆ, ದಾಖಲೆ ಬೇಡವಂತೆ, ತಿಂಗಳಿಗೆ ನೂರಕ್ಕೆ ಐದು. ಹೇಗೆ ಮಾಡಿದರೆ ಒಳ್ಳೆಯದು?

ಅಡಿಕೆಭಾವ:
ನೂರಕ್ಕೆ ಐದಾ ಮಾರಾಯ್ರೇ! ವರ್ಷಕ್ಕೆ ಶೇ. 60 ಆಯಿತಲ್ಲ. ಬ್ಲೇಡಿನವರ, ಅಂದರೆ ವಿಪರೀತ ಬಡ್ಡಿಗೆ ಸಾಲ ಕೊಡುವವರ ಮೆಟ್ಟಿಲು ಹತ್ತಲೇಬೇಡಿ. 2014ರಲ್ಲಿ ಪೊಲೀಸರು ಅಂಥವರ ಮೇಲೆ ಆಪರೇಷನ್ ಕುಬೇರ ಅಂತ ಶುರು ಮಾಡಿದಾಗ ಕೇರಳದಲ್ಲಿ ಎಷ್ಟು ಕಡೆ ಸಹಿ ಹಾಕಿಸಿಕೊಂಡ ಖಾಲಿ ಚೆಕ್ಕು, ಖಾಲಿ ಛಾಪಾ ಕಾಗದ ಸಿಕ್ಕಿತು ನೆನಪುಂಟಾ? ‘ದಾಖಲೆ ಬೇಡ’ ಅನ್ನುವವನು ಕೇಳುವುದು ಅದನ್ನೇ.

ಬಂಗಾರದ ವಿಷಯ ನನಗೆ ಹೇಳಲಿಕ್ಕೆ ಆಗುವುದಿಲ್ಲ. ಅದು ನಿಮ್ಮ ಮನೆಯವರಿಗೆ ಬಿಟ್ಟದ್ದು.

ನಿವೃತ್ತ ಬ್ಯಾಂಕಿನವ:
ಸಾಲದ ವಿಭಾಗದಲ್ಲಿ ಬಹಳ ವರ್ಷ ಇದ್ದವನು ನಾನು. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಕ್ಯಾಲೆಂಡರ್ ನೋಡಿ. ಕಂತು ಬಾಕಿಯಾಗಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ನಿಮ್ಮ ಹಳೆಯ ಬಾಕಿ ಸೆಪ್ಟೆಂಬರ್ 5ರದ್ದು. ಅಂದರೆ ಡಿಸೆಂಬರ್ ಮೊದಲ ವಾರ. ಅಷ್ಟರವರೆಗೆ ಆಟ ನಿಮ್ಮ ಕೈಯಲ್ಲಿದೆ, ಬ್ರಾಂಚಿನವನಿಗೂ ನಿಮ್ಮ ಖಾತೆ ಕೆಡುವುದು ಬೇಡ. ಆ ಗೆರೆ ದಾಟಿದ ಮೇಲೆ ನಿಮ್ಮ ಫೈಲು ಬೇರೆ ಟೇಬಲ್ಲಿಗೆ ಹೋಗುತ್ತದೆ. ಅಲ್ಲಿರುವವರಿಗೆ ನಿಮ್ಮ ಮುಖ ಗೊತ್ತಿರುವುದಿಲ್ಲ.

ಎರಡೂ ಕಂತು ಒಟ್ಟಿಗೆ ಕಟ್ಟಲು ಆಗದಿದ್ದರೆ ಒಂದಾದರೂ ಕಟ್ಟಿ. ಕಟ್ಟಿದ ಹಣ ಹಳೆಯ ಬಾಕಿಗೆ ಹೋಗುತ್ತದೆ. ಸೆಪ್ಟೆಂಬರಿನದ್ದು ಪೂರ್ತಿ ತೀರಿತು ಅಂತಾದರೆ ಲೆಕ್ಕ ಅಕ್ಟೋಬರ್ 5ರಿಂದ ಶುರು, ನಿಮಗೆ ಒಂದು ತಿಂಗಳು ಸಿಕ್ಕಿತು. ಆದರೆ ಬೌನ್ಸ್ ಚಾರ್ಜು ಅದು ಇದು ಅಂತ ಅದರಲ್ಲೇ ಮುರಿದುಕೊಂಡರೆ ಕಂತಿನಲ್ಲಿ ಇನ್ನೂರು ಮುನ್ನೂರು ಬಾಕಿ ಉಳಿದು ಲೆಕ್ಕ ಹಾಗೇ ಓಡುತ್ತದೆ. ಕಟ್ಟುವ ಮೊದಲೇ ಕೇಳಿ, ರಸೀತಿ ನೋಡಿ. ಒಮ್ಮೆ ಎನ್‌ಪಿಎ ಆದ ಮೇಲೆ ಒಂದು ಕಂತು ಕಟ್ಟಿ ಹೊರಗೆ ಬರಲು ಆಗುವುದಿಲ್ಲ, ಪೂರ್ತಿ ಬಾಕಿ ತೀರಿಸಲೇಬೇಕು. 2021ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ಇದನ್ನು ಸ್ಪಷ್ಟ ಮಾಡಿದೆ.

ಇನ್ನು ಬಡ್ಡಿ. ನಿಮ್ಮ ಬಾಕಿ 21.3 ಲಕ್ಷ ಇದ್ದಾಗ ಶೇ. 10.75ರಂತೆ ತಿಂಗಳ ಬಡ್ಡಿಯೇ 19,081 ಆಗುತ್ತದೆ. ಹಳೆಯ ಕಂತು 19,092. ಅಸಲಿಗೆ ಹೋಗುವುದು 11 ರೂಪಾಯಿ! ಅದಕ್ಕೇ ಕಂತು ಏರಿಸಿದ್ದಾರೆ. ಅಲ್ಲಿಗೆ ಸರಿ. ಆದರೆ ರೆಪೊ ದರ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ) 2025ರ ಫೆಬ್ರವರಿಯಲ್ಲಿ ಶೇ. 6.5 ಇದ್ದದ್ದು ಜೂನ್ ಹೊತ್ತಿಗೆ 5.5ಕ್ಕೆ ಇಳಿಯಿತಲ್ಲ, ನಿಮ್ಮ ದರ ಇಳಿಯಲಿಲ್ಲವಾ? ಬ್ಯಾಂಕುಗಳಲ್ಲಿ 2019ರ ಅಕ್ಟೋಬರಿನಿಂದ ಹೊಸ ಮನೆ ಸಾಲಗಳ ದರ ರೆಪೊದಂಥ ಹೊರಗಿನ ದರಕ್ಕೆ ಕಟ್ಟಿಹಾಕಿದೆ, ಮೂರು ತಿಂಗಳಿಗೊಮ್ಮೆಯಾದರೂ ಬದಲಾಗಲೇಬೇಕು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಆ ಕಟ್ಟು ಇಲ್ಲ. ಏರುವಾಗ ಲಿಫ್ಟಿನಲ್ಲಿ, ಇಳಿಯುವಾಗ ಮೆಟ್ಟಿಲಲ್ಲಿ. ಹೊಸ ಗಿರಾಕಿಗಳಿಗೆ ಇವತ್ತು ಎಷ್ಟು ದರ ಅಂತ ವಿಚಾರಿಸಿ. ಒಂದು ಫೀಸು ತೆಗೆದುಕೊಂಡು ಹಳಬರನ್ನೂ ಹೊಸ ದರಕ್ಕೆ ಹಾಕುವ ಪದ್ಧತಿ ಹೆಚ್ಚಿನ ಕಂಪನಿಗಳಲ್ಲಿ ಉಂಟು. ಅವರಾಗಿ ಹೇಳುವುದಿಲ್ಲ, ನಾವೇ ಕೇಳಬೇಕು.

ಪೆರ್ಲದವ:
ಸಾರ್, ಬಹಳ ಉಪಕಾರ. ಸ್ಟೇಟ್‌ಮೆಂಟ್ ನೋಡಿದೆ. ಬಾಕಿ 20.16 ಲಕ್ಷ, ಇನ್ನು 189 ಕಂತು. ದರ 10.75, ಒಂದು ಸಲವೂ ಇಳಿದಿಲ್ಲ. ‘ಪೀನಲ್ ಚಾರ್ಜ್’ ಅಂತ ಎರಡು ಸಲ ದಂಡ ಹಾಕಿದ್ದಾರೆ. ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸಿದರೆ ಹೇಗೆ?

ನಿವೃತ್ತ ಬ್ಯಾಂಕಿನವ:
ಈಗ ಆಗುವುದಿಲ್ಲ. ಎರಡು ಕಂತು ತಪ್ಪಿದ್ದು ಸಿಬಿಲ್‌ನಲ್ಲಿ (ಸಾಲ ಕಟ್ಟಿದ್ದರ, ತಪ್ಪಿಸಿದ್ದರ ದಾಖಲೆಯಲ್ಲಿ) ಕಾಣುತ್ತದೆ, ಯಾವ ಬ್ಯಾಂಕೂ ತೆಗೆದುಕೊಳ್ಳುವುದಿಲ್ಲ. ಬಾಕಿ ತೀರಿಸಿ ಒಂದು ವರ್ಷ ಸರಿಯಾಗಿ ಕಟ್ಟಿ, ಆಮೇಲೆ ಯೋಚಿಸಿ. ಫ್ಲೋಟಿಂಗ್, ಅಂದರೆ ಏರಿಳಿಯುವ ದರದ ಮನೆ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ, ಅದೊಂದು ಧೈರ್ಯ ಇರಲಿ.

ಪೀನಲ್ ಚಾರ್ಜ್ ಹಾಕಬಹುದು, ಆದರೆ ಅದನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. 2024ರಿಂದ ನಿಯಮ ಹಾಗೆ. ಸ್ಟೇಟ್‌ಮೆಂಟಿನಲ್ಲಿ ಅದೊಂದು ಸಾಲು ಪರೀಕ್ಷೆ ಮಾಡಿ.

ನಿಮ್ಮ ಲೆಕ್ಕ ಮಾಡಿ ನೋಡಿದೆ. ದರ 9.25ಕ್ಕೆ ಇಳಿದು ಕಂತಿನ ಸಂಖ್ಯೆ ಹಾಗೇ ಉಳಿದರೆ ಸುಮಾರು 20,294. ದರವೂ ಇಳಿದು ಅವಧಿಯೂ ಮತ್ತೆ 20 ವರ್ಷಕ್ಕೆ ಹೋದರೆ 18,464. ಈಗಿನದ್ದಕ್ಕಿಂತ ತಿಂಗಳಿಗೆ 3,700 ಕಡಿಮೆ. ಈಗಿನ ಲೆಕ್ಕದಲ್ಲಿ ಕೊನೆವರೆಗೆ ಕಟ್ಟುವುದಕ್ಕಿಂತ ಒಟ್ಟು ಎರಡೂವರೆ ಲಕ್ಷದ ಹತ್ತಿರ ಜಾಸ್ತಿ ಆಗುತ್ತದೆ, ಆದರೆ ನಾಲ್ಕು ವರ್ಷ ಹೆಚ್ಚು ಸಮಯ ಸಿಗುತ್ತದೆ. ದರ ಇಳಿಸದೆ ಅವಧಿ ಮಾತ್ರ ಎಳೆದರೆ 20,467. ಅದು ಬೇಡ. ದರದ ಮಾತು ಮೊದಲು, ಅವಧಿಯ ಮಾತು ಆಮೇಲೆ.

ಇನ್ನೊಂದು. ‘ರಿಸ್ಟ್ರಕ್ಚರ್ ಮಾಡಿ’ ಅಂತ ಬಾಯಿಬಿಟ್ಟು ಕೇಳಬೇಡಿ. ಕಷ್ಟ ಅಂತ ಹೇಳಿ ಸಾಲ ಪುನರ್ರಚನೆ ಮಾಡಿದರೆ ಆ ಖಾತೆಯನ್ನು ಎನ್‌ಪಿಎಗೆ ಇಳಿಸಬೇಕಾಗುತ್ತದೆ, ಅದಕ್ಕೆ ಅವರು ಹಿಂದೆ ಸರಿಯುತ್ತಾರೆ. ‘ದರ ಬದಲಾವಣೆ ಮತ್ತು ಅವಧಿ ಆಯ್ಕೆ’ ಅಂತ ಕೇಳಿ. ದರ ಬದಲಾಗುವಾಗ ಕಂತು ಏರಿಸುವುದಾ, ಅವಧಿ ಹೆಚ್ಚಿಸುವುದಾ ಅಂತ ಸಾಲಗಾರನನ್ನೇ ಕೇಳಬೇಕು ಅಂತ 2023ರ ಆಗಸ್ಟಿನಲ್ಲಿ ಬಂದ ಸುತ್ತೋಲೆ ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೂ ಅನ್ವಯ.

ಉಪ್ಪಳದಕ್ಕ:
ಬಂಗಾರದ ಬಗ್ಗೆ ಗಂಡಸರು ಎಲ್ಲ ಸುಮ್ನೆ ಜಾರಿಕೊಂಡಿರಿ. ನಾನು ಹೇಳುತ್ತೇನೆ.

ತಮ್ಮಾ, ಮೊದಲು ಹೆಂಡತಿಯ ಹತ್ತಿರ ಪೂರ್ತಿ ಲೆಕ್ಕ ಇಟ್ಟು ಮಾತಾಡಿದ್ದೀಯಾ? ‘ಬಂಗಾರ ಕೊಡು’ ಅಂತ ಕೇಳುವುದು ಬೇರೆ, ಸ್ಟೇಟ್‌ಮೆಂಟ್ ಎದುರಿಗಿಟ್ಟು ‘ನೋಡು, ಹೀಗಿದೆ’ ಅನ್ನುವುದು ಬೇರೆ. ನಮ್ಮ ಮನೆಯಲ್ಲಿ ಕೊರೋನಾ ಸಮಯದಲ್ಲಿ ಮೊದಲನೆಯದ್ದು ಮಾತ್ರ ಆಗಿತ್ತು. ಕೋಪ ಬಂದದ್ದು ಬಂಗಾರ ಹೋಯಿತು ಅಂತ ಅಲ್ಲ, ನನಗೆ ಕೊನೆಗೆ ಗೊತ್ತಾಯಿತಲ್ಲ ಅಂತ.

ಬಂಗಾರ ಅಡವಿಡುವುದಾದರೆ ಬಾಕಿ ತೀರಿಸಲಿಕ್ಕೆ ಒಂದು ಸಲ ಮಾತ್ರ ಇಡು. ಅದೂ ಮುಂದಿನ ತಿಂಗಳ ಕಂತು ಎಲ್ಲಿಂದ ಅಂತ ಗೊತ್ತಿದ್ದರೆ. ಗೊತ್ತಿಲ್ಲದೆ ಇಟ್ಟರೆ ಮೂರು ತಿಂಗಳಲ್ಲಿ ಬಂಗಾರವೂ ಅಲ್ಲಿ, ಬಾಕಿಯೂ ಇಲ್ಲಿ. ಎರಡು ಬಾಕಿ ಮತ್ತು ಚಾರ್ಜು ಸೇರಿ ಐವತ್ತು ಸಾವಿರದ ಒಳಗೆ. ಅದಕ್ಕೆ 9 ಪವನು ಯಾಕೆ? ಒಂದು ಬಳೆ ಸಾಕು. ಬ್ಯಾಂಕಿನಲ್ಲೋ ಸರ್ವಿಸ್ ಸಹಕಾರಿ ಬ್ಯಾಂಕಿನಲ್ಲೋ ಇಡು, ಬಡ್ಡಿ ಕಡಿಮೆ.

ಅಡಿಕೆಭಾವ:
ಅಕ್ಕ ಹೇಳಿದ್ದು ಸರಿ. ನನಗೆ ಹೊಳೆಯಲಿಲ್ಲ ನೋಡಿ, ಎಲ್ಲ 9 ಪವನು ಅಂತಲೇ ತಲೆಯಲ್ಲಿ ಕೂತಿತ್ತು.

ಶಾರ್ಜಾದಿಂದ:
ತಮ್ಮನಿಗೆ ಹೇಳಿ, ಹೊರಗೆ ದುಡಿಯುವ ಕೇರಳದವರಿಗಾಗಿ ಇರುವ ಕೇರಳ ಸರ್ಕಾರದ ಸಂಸ್ಥೆ ನೋರ್ಕಾ ರೂಟ್ಸ್‌ನಲ್ಲಿ ಎನ್‌ಡಿಪ್ರೇಮ್ ಅಂತ ಯೋಜನೆ ಉಂಟು. ಎರಡು ವರ್ಷವಾದರೂ ಹೊರಗೆ ದುಡಿದು ವಾಪಸ್ ಬಂದವರಿಗೆ. 30 ಲಕ್ಷದವರೆಗಿನ ಉದ್ಯಮದ ಸಾಲಕ್ಕೆ ಶೇ. 15 ಬಂಡವಾಳ ಸಬ್ಸಿಡಿ, ಗರಿಷ್ಠ 3 ಲಕ್ಷ. ಕೋಳಿ ಫಾರ್ಮೋ, ವರ್ಕ್‌ಶಾಪೋ ಏನಾದರೂ ಮಾಡಬಹುದು. ಇಲ್ಲಿ ಈಗ ಹೊಸ ಕೆಲಸ ಸಿಗುವುದು ಅಷ್ಟು ಸುಲಭ ಇಲ್ಲ, ವಿಸಿಟ್ ವೀಸಾದಲ್ಲಿ ಬಂದು ಕಾಯುವವರು ಬಹಳ ಜನ.

ನಿವೃತ್ತ ಬ್ಯಾಂಕಿನವ:
ಯೋಜನೆ ಒಳ್ಳೆಯದೇ. ಆದರೆ ಈಗ ಅಲ್ಲ. ಅವರು ಜಂಟಿ ಸಾಲಗಾರ, ಬಾಕಿ ಅವರ ಸಿಬಿಲ್‌ಗೂ ಹತ್ತಿದೆ. ಅಲ್ಲದೆ ಕಟ್ಟಲಾಗದ ಸಾಲ ಒಂದು ತಲೆ ಮೇಲಿರುವಾಗ ಇನ್ನೊಂದು ಹೊಸ ಸಾಲ ಬೇಡ.

ಶಾರ್ಜಾದಿಂದ:
ಹಾಗಾದರೆ ಅವನು ಕೈಕಟ್ಟಿ ಕೂರಬೇಕಾ?

ಅಡಿಕೆಭಾವ:
ಕೂರುವುದು ಯಾಕೆ? ಕಾರ್ಬನ್ ಫೈಬರ್ ದೋಟಿಯಲ್ಲಿ ನೆಲದಿಂದಲೇ ಅಡಿಕೆ ಕೊಯ್ಯುವುದು, ಮದ್ದು ಬಿಡುವುದು ಕಲಿತವರಿಗೆ ನಮ್ಮ ಕಡೆ ಈಗ ಪುರುಸೊತ್ತೇ ಇಲ್ಲ. ಕೊಯ್ಲಿಗೆ ಜನ ಸಿಗದೆ ಗೊನೆ ಮರದಲ್ಲೇ ಹಣ್ಣಾಗಿ ಉದುರುತ್ತಾ ಉಂಟು. ನಾಲ್ಕು ತೋಟದವರು ಸೇರಿ ದೋಟಿ ತೆಗೆದು ಕೆಲಸಗಾರನಿಗಾಗಿ ಹುಡುಕುವ ಕಾಲ. ಶಾರ್ಜಾದಲ್ಲಿ ಆಫೀಸಿನಲ್ಲಿ ಕೂತವನಿಗೆ ಊರಲ್ಲಿ ದೋಟಿ ಹಿಡಿಯಲು ಮೊದಲ ವಾರ ನಾಚಿಕೆ ಆಗಬಹುದು. ಎರಡನೇ ವಾರ ಕೈ ನೋವು ಮಾತ್ರ ಉಳಿಯುತ್ತದೆ.

ಹೊಸೂರಿನಿಂದ:
ತಮಿಳುನಾಡಿನ ಹೊಸೂರಿನವನು ನಾನು. ಇಲ್ಲಿ ಬಿಡಿಭಾಗದ ಕಾರ್ಖಾನೆಗಳಲ್ಲಿ ಓವರ್‌ಟೈಮ್ ನಿಂತರೆ ನಮ್ಮ ಲೇಔಟಿನಲ್ಲಿ ಅರ್ಧ ಮನೆಗಳ ಕಂತು ಅಲುಗಾಡುತ್ತದೆ. ಓವರ್‌ಟೈಮ್ ನಂಬಿ ಸಾಲ ಮಾಡಿದವರೇ ಜಾಸ್ತಿ.

ಯಾರೂ ಹೇಳದ್ದನ್ನು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮನೆ ಮಾರುವುದನ್ನೂ ಯೋಚಿಸಿ. ನಾನು ನನ್ನ ಫ್ಲಾಟ್ ಮಾರಿದೆ. ಸಾಲ ಇರುವ ಮನೆಯನ್ನೂ ಮಾರಬಹುದು. ಇವತ್ತಿಗೆ ಬಾಕಿ ಇಷ್ಟು, ಕಟ್ಟಿದರೆ ಇಂಥಿಂಥ ದಾಖಲೆ ವಾಪಸ್ ಅಂತ ಕಂಪನಿಯಿಂದ ಒಂದು ಪತ್ರ ತೆಗೆದುಕೊಳ್ಳಬೇಕು. ಕೊಳ್ಳುವವರ ಬ್ಯಾಂಕು ಬಾಕಿಯನ್ನು ನೇರವಾಗಿ ನಮ್ಮ ಸಾಲದ ಖಾತೆಗೆ ಕಟ್ಟುತ್ತದೆ, ಉಳಿದದ್ದು ನಮಗೆ. ಸಾಲ ತೀರಿ 30 ದಿನದಲ್ಲಿ ಮೂಲ ದಾಖಲೆ ಕೊಡಬೇಕು. ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ನಮಗೆ ಕೊಡಬೇಕು, 2023ರ ಡಿಸೆಂಬರಿನಿಂದ ಆ ನಿಯಮ. ನಾವಾಗಿ ಮಾರಿದರೆ ಬರುವ ಬೆಲೆ ಹರಾಜಿನಲ್ಲಿ ಬರುವುದಿಲ್ಲ.

ಅಡಿಕೆಭಾವ:
ಹೊಸೂರಿನ ಫ್ಲಾಟಿಗೂ ಪೆರ್ಲದ ಮನೆಗೂ ವ್ಯತ್ಯಾಸ ಉಂಟು ಸ್ವಾಮೀ. ಇಲ್ಲಿ ಅದು ಅಪ್ಪನ ಜಾಗದಲ್ಲಿ ಕಟ್ಟಿದ ಮನೆ. ಅಂಗಳ ಒಂದೇ, ಬಾವಿ ಒಂದೇ, ದಾರಿ ತೋಟದ ನಡುವೆ. ಕೊಂಡವನಿಗೆ ದಾರಿ ಯಾವುದು? ಮಾರುವುದು ಅಂತ ಬಾಯಲ್ಲಿ ಹೇಳಬಹುದು ಅಷ್ಟೆ.

ಹೊಸೂರಿನಿಂದ:
ಒಪ್ಪಿದೆ. ಆದರೆ ಹರಾಜಿನಲ್ಲಿ ಹೋದರೂ ಅದೇ ಅಂಗಳ, ಅದೇ ಬಾವಿ ಅಲ್ವಾ? ಕೊಳ್ಳುವವನನ್ನು ನೀವೇ ಆರಿಸಿದರೆ ಒಳ್ಳೆಯದಲ್ವಾ?

ಮುಳ್ಳೇರಿಯ ಟೀಚರ್:
ಮಾರುವುದಕ್ಕಿಂತ ಮೊದಲು ಬಾಡಿಗೆ ಯೋಚಿಸಬಾರದಾ? ಹಳೆಯ ಹಂಚಿನ ಮನೆ ಇನ್ನೂ ಇದ್ದರೆ ಅಲ್ಲಿಗೆ ಹೋಗಿ ಹೊಸದನ್ನು ಬಾಡಿಗೆಗೆ ಕೊಡಿ. ಪೆರ್ಲದಲ್ಲಿ ಕಾಲೇಜು ಉಂಟು, ಶಾಲೆಗಳು ಉಂಟು. ತೆಂಕಣದಿಂದ ವರ್ಗವಾಗಿ ಬರುವ ಸರ್ಕಾರಿ ನೌಕರರು ನಮ್ಮ ಕಡೆ ಒಳ್ಳೆಯ ಮನೆ ಸಿಗದೆ ಪರದಾಡುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರು ಒಂದು ವರ್ಷ ಲಾಡ್ಜಿನ ಥರದ ರೂಮಿನಲ್ಲಿದ್ದರು.

ಪೆರ್ಲದವ:
ಟೀಚರ್, ಹಳೆ ಮನೆ ಉಂಟು. ಈಗ ಅಡಿಕೆ ಚೀಲ, ಪಂಪಿನ ಪೈಪು ಇಡುವುದು ಅಲ್ಲಿ. ಮಾಡಿನ ಒಂದು ಬದಿ ಸರಿ ಮಾಡಿಸಬೇಕು. ಅಮ್ಮ ಒಪ್ಪುತ್ತಾರೋ ಗೊತ್ತಿಲ್ಲ. ಗೃಹಪ್ರವೇಶಕ್ಕೆ ಊರಿಗೆಲ್ಲ ಹೇಳಿದ್ದೆವು.

ಉಪ್ಪಳದಕ್ಕ:
ಗೃಹಪ್ರವೇಶಕ್ಕೆ ಬಂದವರು ಯಾರಾದರೂ ಕಂತು ಕಟ್ಟುತ್ತಾರಾ ಕೇಳು ಅಮ್ಮನ ಹತ್ತಿರ.

ಮಂಜೇಶ್ವರದ ವಕೀಲೆ:
‘ನೀಲಾಮ್’ ಅಂತ ಹೆದರಿದವರಿಗಾಗಿ ಕಾನೂನಿನ ದಾರಿ ಹೇಳುತ್ತೇನೆ. ನಿಮ್ಮ ತಂದೆಯವರಿಗೆ ಓದಿ ಹೇಳಿ.

ಫೋನಿನಲ್ಲಿ ಹೇಳಿದ ಮಾತ್ರಕ್ಕೆ ಹರಾಜು ಆಗುವುದಿಲ್ಲ. ಅಡವಿನ ಆಸ್ತಿಯನ್ನು ಕೋರ್ಟಿಗೆ ಹೋಗದೆ ಮಾರಿ ಸಾಲ ವಸೂಲಿ ಮಾಡಲು ಬಿಡುವ 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಖಾತೆ ಎನ್‌ಪಿಎ ಆದ ಮೇಲೆ ಸೆಕ್ಷನ್ 13(2)ರ ನೋಟಿಸು ಬರಬೇಕು. ಅದರಲ್ಲಿ 60 ದಿನ ಗಡುವು. ನೀವು ಆಕ್ಷೇಪ ಬರೆದು ಕೊಟ್ಟರೆ ಅವರು 15 ದಿನದಲ್ಲಿ ಕಾರಣ ಸಮೇತ ಉತ್ತರ ಕೊಡಬೇಕು. ಹೆಚ್ಚಿನವರು ಆ ನೋಟಿಸನ್ನು ತೆಗೆದುಕೊಳ್ಳದೆ ಪೋಸ್ಟ್‌ಮ್ಯಾನ್‌ಗೆ ವಾಪಸ್ ಕೊಡುತ್ತಾರೆ. ಅದರಿಂದ ಏನೂ ನಿಲ್ಲುವುದಿಲ್ಲ, ನಿಮ್ಮ ಆಕ್ಷೇಪದ ಅವಕಾಶ ಮಾತ್ರ ಹೋಗುತ್ತದೆ. 60 ದಿನ ಕಳೆದ ಮೇಲೆ ಸ್ವಾಧೀನದ ನೋಟಿಸು. ಅದರ ವಿರುದ್ಧ 45 ದಿನದೊಳಗೆ ಡಿಆರ್‌ಟಿಗೆ (ಸಾಲ ವಸೂಲಿ ನ್ಯಾಯಮಂಡಳಿಗೆ) ಹೋಗಬಹುದು. ನಮಗೆ ಅದು ಎರ್ನಾಕುಳಂನಲ್ಲಿ. ಕಾಸರಗೋಡಿನಿಂದ ರೈಲು ಹತ್ತಿ ಹೋಗುವ ಖರ್ಚು, ವಕೀಲರ ಫೀಸು ಎಲ್ಲ ಸೇರಿದರೆ ಎಷ್ಟು ಕಂತು ಕಟ್ಟಬಹುದಿತ್ತು ಅಂತ ಲೆಕ್ಕ ಹಾಕಿ. ಹರಾಜಿಗೆ ಮೊದಲು 30 ದಿನದ ನೋಟಿಸು ಬೇರೆ. ಆ ಹರಾಜು ಪ್ರಕಟಣೆ ಬರುವ ಮೊದಲೇ ಪೂರ್ತಿ ಹಣ ಕಟ್ಟಿದರೆ ಆಸ್ತಿ ಬಿಡಿಸಿಕೊಳ್ಳಬಹುದು. ಪ್ರಕಟಣೆ ಆದ ಮೇಲೆ ಆ ಹಕ್ಕು ಇಲ್ಲ ಅಂತ ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ.

ತಂದೆಯವರ ಬಗ್ಗೆ: ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ‘ಸುಮ್ನೆ ಒಂದು ಸಹಿ’ ಅಂತ ಇರುವುದಿಲ್ಲ. ಆದರೆ ರಾತ್ರಿ ಎಂಟೂವರೆಗೆ ಫೋನು ಮಾಡಿದ್ದು ತಪ್ಪು. ವಸೂಲಿ ಕರೆಗೆ ಸಮಯ ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ ಮಾತ್ರ. ದಿನ, ಗಂಟೆ, ನಂಬರು ಬರೆದಿಡಿ.

ಶಾರ್ಜಾದಿಂದ:
ದೂರು ಕೊಡುವುದಾದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, 14448 ಅಲ್ವಾ?

ಮಂಜೇಶ್ವರದ ವಕೀಲೆ:
ಬ್ಯಾಂಕಾದರೆ ಹೌದು. ಇದು ಹೌಸಿಂಗ್ ಫೈನಾನ್ಸ್ ಕಂಪನಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಬೇಕು, ಉತ್ತರ ಬಾರದಿದ್ದರೆ ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ. ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಬಹುದು. ಕಾಸರಗೋಡಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಂಟು.

ಅಡಿಕೆಭಾವ:
ಒಂದು ಸಂಶಯ. ಕೃಷಿ ಭೂಮಿಯನ್ನು ಸರ್ಫೇಸಿಯಲ್ಲಿ ಮುಟ್ಟುವಂತಿಲ್ಲ ಅಂತ ಕೇಳಿದ್ದೇನೆ. ಅವರ ಮನೆ ಸುತ್ತ ಎಲ್ಲ ಅಡಿಕೆ.

ಮಂಜೇಶ್ವರದ ವಕೀಲೆ:
ವಿನಾಯಿತಿ ಇರುವುದು ನಿಜ. ಆದರೆ ಅಡವಿಟ್ಟದ್ದು ಯಾವ ಜಾಗ? ಮನೆ ಇರುವ 12 ಸೆಂಟ್ಸ್ ಮಾತ್ರ ಬೇರೆ ಮಾಡಿ ಬರೆಸಿದ್ದರೆ ಅದು ಮನೆ ಜಾಗ. ಅಂಗಳದ ಬದಿಯಲ್ಲಿ ನಾಲ್ಕು ಅಡಿಕೆ ಮರ ಇದ್ದರೆ ಕೃಷಿ ಭೂಮಿ ಆಗುವುದಿಲ್ಲ. ಅಲ್ಲಿ ನಿಜವಾಗಿ ಕೃಷಿ ನಡೆಯುತ್ತಿದೆಯಾ ಅಂತ ನ್ಯಾಯಾಲಯ ನೋಡುತ್ತದೆ. ಅಂಥ ಕಾಯ್ದೆಯ ಬಾಲ ಹಿಡಿದು ಕಂತು ಬಿಡಬೇಡಿ.

ಪೆರ್ಲದವ:
ನಿನ್ನೆ ರಜೆ ಹಾಕಿ ಬ್ರಾಂಚಿಗೆ ಹೋಗಿದ್ದೆ. ತಮ್ಮನನ್ನೂ ಕರೆದುಕೊಂಡು ಹೋದೆ. ಮೊದಲು ಮ್ಯಾನೇಜರ್ ‘ನಮ್ಮ ಕೈಯಲ್ಲಿ ಏನೂ ಇಲ್ಲ, ಸಿಸ್ಟಮ್’ ಅಂದರು. ಹೊಸ ಗಿರಾಕಿಗೆ ದರ ಎಷ್ಟು ಕೇಳಿದೆ. ಸ್ವಲ್ಪ ಹೊತ್ತು ಕಂಪ್ಯೂಟರ್ ನೋಡಿ 9.4 ಅಂದರು. ಬಾಕಿ ತೀರಿಸಿದರೆ ಫೀಸು ತೆಗೆದುಕೊಂಡು ನಮ್ಮನ್ನೂ ಆ ದರಕ್ಕೆ ಹಾಕಲು ಮೇಲಕ್ಕೆ ಕಳಿಸುತ್ತಾರಂತೆ. ಅವಧಿ 20 ವರ್ಷಕ್ಕೆ ಹೆಚ್ಚಿಸಲು ತಮ್ಮನ ವಯಸ್ಸು ನೋಡುತ್ತಾರಂತೆ, ಅವನು ನನಗಿಂತ ಆರು ವರ್ಷ ಚಿಕ್ಕವನು. ಫೋನಿನ ವಿಷಯ ಹೇಳಿದಾಗ ‘ಅದು ಏಜೆನ್ಸಿಯವರು’ ಅಂತ ಜಾರಿಸಿದರು. ಬರೆದು ಕೊಡುತ್ತೇನೆ ಅಂದ ಮೇಲೆ ಅಪ್ಪನ ನಂಬರು ತೆಗೆಸುತ್ತೇನೆ ಅಂದರು.

ಹೆಂಡತಿಯೇ ಎರಡು ಬಳೆ ತೆಗೆದುಕೊಟ್ಟಳು. ಉಳಿದದ್ದು ಕೇಳಬೇಡ ಅಂದಳು. ಸೋಮವಾರ ಸಹಕಾರಿ ಬ್ಯಾಂಕಿಗೆ ಹೋಗುವುದು. ಅಮ್ಮ ಇನ್ನೂ ಬಾಡಿಗೆಗೆ ಒಪ್ಪಲಿಲ್ಲ, ಅಪ್ಪ ಮಾತ್ರ ಹಳೆ ಮನೆಯ ಹಂಚು ಎಣಿಸಿ ಬಂದರು.

ಅರ್ಜಿ ಯಾವ ಭಾಷೆಯಲ್ಲಿ ಕೊಡುವುದು? ಆಫೀಸು ಮಂಗಳೂರಿನಲ್ಲಿ, ಜಾಗ ಕೇರಳದಲ್ಲಿ.

ನಿವೃತ್ತ ಬ್ಯಾಂಕಿನವ:
ಮೇಲಕ್ಕೆ ಹೋಗುವ ಅರ್ಜಿ, ಇಂಗ್ಲಿಷಿನಲ್ಲಿ ಕೊಡಿ. ಒಂದು ಪುಟ ಸಾಕು. ಸಾಲದ ನಂಬರು, ಬಾಕಿ ಕಟ್ಟಿದ ತಾರೀಕು, ಕೇಳುವ ದರ, ಕೇಳುವ ಅವಧಿ. ಕಷ್ಟದ ಕಥೆ ಎರಡೇ ಸಾಲು. ತಮ್ಮನ ಸಹಿಯೂ ಬೇಕು. ಎರಡು ಪ್ರತಿ ಮಾಡಿ ಒಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಸೀಲು ಹಾಕಲ್ಲ ಅಂದರೆ ಅಲ್ಲೇ ಕೂತು ಅದೇ ಅರ್ಜಿಯನ್ನು ಇಮೇಲ್ ಮಾಡಿ. ಮತ್ತೆ, ಫೀಸು ಎಷ್ಟು ಅಂತ ಕೇಳಿದಿರಾ? 9.4ರಲ್ಲಿ ಎಷ್ಟು ತಿಂಗಳಲ್ಲಿ ಅದು ಹುಟ್ಟುತ್ತದೆ ಅಂತ ಲೆಕ್ಕ ಮಾಡಿ ಹೇಳುತ್ತೇನೆ, ನಂಬರು ಹಾಕಿ.

ಪೆರ್ಲದವ:
ಬಾಕಿ ಅಸಲಿನ ಅರ್ಧ ಪರ್ಸೆಂಟ್ ಮತ್ತು ಜಿಎಸ್‌ಟಿ ಅಂದರು ಸಾರ್.

ನಿವೃತ್ತ ಬ್ಯಾಂಕಿನವ:
ಸುಮಾರು 10,080, ಜಿಎಸ್‌ಟಿ ಶೇ. 18 ಸೇರಿ 11,900ರ ಹತ್ತಿರ. ದರ 1.35 ಇಳಿದರೆ ಮೊದಲ ವರ್ಷ ಬಡ್ಡಿಯಲ್ಲೇ 27,000 ಉಳಿಯುತ್ತದೆ. ಆರು ತಿಂಗಳೊಳಗೆ ಹುಟ್ಟಿತು. ಕಟ್ಟಿ.